ಆಕಾಶಕ್ಕೆ ಹಸಿರು, ಅಂಗಡಿಗೆ ಉದ್ರಿ!

ಶಕ್ತಿನಗರ: ರಾಯಚೂರಿನಲ್ಲಿ ಹೈದರಾಬಾದ್ ಬಸ್ಸು ಹತ್ತಿದವನಿಗೆ ಕೃಷ್ಣಾ ಹೊಳೆ ಕಾಣುವುದಕ್ಕಿಂತ ಎಷ್ಟೋ ಮೊದಲೇ ಶಕ್ತಿನಗರದ ಚಿಮಣಿಗಳು ಕಾಣುತ್ತವೆ. ಇದು ದಿನಾ ಓಡಾಡುವವರಿಗೆಲ್ಲ ಗೊತ್ತಿದ್ದ ಮಾತೇ. ಆದರೆ ಅದೇ ದಾರಿ ಹೊಳೆ ದಾಟಿ ಮಕ್ತಲ್, ಮಹಬೂಬನಗರ, ಜಡಚರ್ಲಾ ಹಾಯ್ದು ಹೈದರಾಬಾದ್ ಇನ್ನೇನು ಬಂತು ಅನ್ನುವಾಗ ಶಾದನಗರ ಎಂಬ ಊರು ಸಿಗುತ್ತದಲ್ಲ, ಅಲ್ಲಿ ಇಳಿದು ಚಹಾ ಕುಡಿದವರಲ್ಲಿ ಎಷ್ಟು ಮಂದಿಗೆ ಗೊತ್ತು, ರಾಯಚೂರು ಜಿಲ್ಲೆಯ ಹೊಲ, ಕಾಲುವೆ, ಬೂದಿಗುಂಡಿಗಳ ಚಿತ್ರವೆಲ್ಲ ಅಲ್ಲಿನ ಬಟ್ಟಲಾಕಾರದ ಆಂಟೆನಾಗಳಿಗೇ ಬಂದು ಬೀಳುತ್ತದೆ ಎಂದು? 1979ರಿಂದ ಅಲ್ಲಿ ಉಪಗ್ರಹಗಳ ಚಿತ್ರ ಇಳಿಸಿಕೊಳ್ಳುವ ಕೆಲಸ ನಡೆದಿದೆ. ಮೊದಲು ಅಮೆರಿಕದ ಲ್ಯಾಂಡ್‌ಸ್ಯಾಟ್ ಚಿತ್ರ ಬಂತು. 1988ರ ಮಾರ್ಚ್ 17ರಂದು ಭಾರತದ್ದೇ ಐಆರ್‌ಎಸ್-1ಎ ಉಪಗ್ರಹ ಸೋವಿಯತ್ ದೇಶದ ಬೈಕನೂರಿನಿಂದ ಮೇಲೇರಿದ ಮೇಲೆ ಸ್ವದೇಶಿ ಚಿತ್ರವೂ ಬರತೊಡಗಿತು.

ಈ ಚಿತ್ರಗಳಿಂದ ವಿಜ್ಞಾನಿಗಳಿಗೆ ಏನು ಲಾಭವೋ ಅದು ಬೇರೆ. ರಾಜೇಂದ್ರ ಗಂಜಿನ ಅಡತಿ ಅಂಗಡಿಗೂ, ಮಾನ್ವಿಯ ಬಟ್ಟೆ ಅಂಗಡಿಗೂ, ದೇವದುರ್ಗದ ಗೊಬ್ಬರದ ಅಂಗಡಿಗೂ ಇದರಿಂದ ಆಗಬೇಕಾದ್ದೇನು ಎಂದು ಯಾರಾದರೂ ಕೇಳಿದರೆ ತಪ್ಪಲ್ಲ. ಉತ್ತರ ಇಷ್ಟೇ: ತಾಲೂಕಿಗೆ ಬರ ಬಂತೋ ಇಲ್ಲವೋ ಎಂದು ಸರ್ಕಾರ ತೀರ್ಮಾನಿಸುವಾಗ ಈಗ ತಲಾಠಿಯ ವರದಿಯೊಂದೇ ಸಾಲದು, ಆಕಾಶದ ಚಿತ್ರವೂ ಸಾಕ್ಷಿ ಹೇಳಬೇಕು. ಸಾಕ್ಷಿ ಸರಿಯಾಗಿ ಹೇಳಿದರೆ ರೈತನ ಖಾತೆಗೆ ನಾಲ್ಕು ಕಾಸು, ರೈತನ ಖಾತೆಯಿಂದ ಅಂಗಡಿಯ ಖಾತೆಗೆ. ಹೇಳದೆ ಹೋದರೆ, "ಸಾವ್ಕಾರ್ರ, ಈ ಸಲ ಆಗಂಗಿಲ್ರಿ, ಮುಂದಿನ ಸುಗ್ಗಿಗೆ ನೋಡಮು" ಎಂಬ ಮಾತು. ಉದ್ರಿ ಪುಸ್ತಕಕ್ಕೂ ಉಪಗ್ರಹಕ್ಕೂ ಇರುವ ನಂಟು ಇದು.

ಎಲೆಯ ಲೆಕ್ಕ

ಉಪಗ್ರಹ ಹೊಲವನ್ನು ನೋಡುವ ರೀತಿ ಬೇರೆ. ನಮ್ಮ ಕಣ್ಣಿಗೆ ಹಸಿರಾಗಿ ಕಾಣುವ ಎಲೆ ನಿಜಕ್ಕೂ ಕೆಂಪು ಬೆಳಕನ್ನು ನುಂಗುತ್ತದೆ, ಅದರಿಂದಲೇ ಊಟ ಮಾಡಿಕೊಳ್ಳುತ್ತದೆ. ಕೆಂಪಿನ ಆಚೆಗೆ ನಮ್ಮ ಕಣ್ಣಿಗೆ ಕಾಣದ ಇನ್ನೊಂದು ಬೆಳಕುಂಟು, ಅದಕ್ಕೆ ಅವಕೆಂಪು ಎನ್ನುತ್ತಾರೆ. ಅದು ಎಲೆಗೆ ಬೇಡವಾದ ಸರಕು, ಹಾಗಾಗಿ ಹಿಂದಕ್ಕೆ ಎಸೆಯುತ್ತದೆ. ಎಲೆ ಎಷ್ಟು ಗಟ್ಟಿಮುಟ್ಟೋ ಅಷ್ಟು ಜೋರಾಗಿ ಎಸೆಯುತ್ತದೆ. ಬರಿ ಮಣ್ಣಿಗೆ ಈ ಭೇದ ಗೊತ್ತಿಲ್ಲ. ಎರಡೂ ಬೆಳಕನ್ನು ಹೆಚ್ಚುಕಡಿಮೆ ಒಂದೇ ಸಮನೆ ತಿರುಗಿಸುತ್ತದೆ.

ಗಲ್ಲಾದ ಮೇಲೆ ಕೂತವರಿಗೆ ಉಳಿದದ್ದು ಸುಲಭ. ಒಂದು ತುಂಡು ಭತ್ತದ ಗದ್ದೆಯಿಂದ ಅವಕೆಂಪು 50 ಪಾಲು, ಕೆಂಪು 10 ಪಾಲು ವಾಪಸು ಬಂತೆನ್ನಿ. ಎರಡರ ವ್ಯತ್ಯಾಸ 40, ಎರಡರ ಮೊತ್ತ 60. ನಲವತ್ತನ್ನು ಅರವತ್ತರಿಂದ ಭಾಗಿಸಿದರೆ 0.67. ಒಣಗಿದ ಎರೆ ಹೊಲದಿಂದ 30 ಮತ್ತು 25 ಬಂದರೆ, ಐದನ್ನು ಐವತ್ತೈದರಿಂದ ಭಾಗಿಸಿ, ಸಿಗುವುದು 0.09. ಇಷ್ಟೇ ಲೆಕ್ಕ. ಇದಕ್ಕೆ ಎನ್‌ಡಿವಿಐ ಎಂದು ಹೆಸರು. ಅಂಕಿ ಒಂದರ ಕಡೆ ಏರಿದಷ್ಟೂ ಹಸಿರು, ಸೊನ್ನೆಯ ಹತ್ತಿರ ಬಂದರೆ ಬೋಳು ನೆಲ, ಸೊನ್ನೆಗಿಂತ ಕೆಳಗೆ ಹೋದರೆ ಬಹುಮಟ್ಟಿಗೆ ನೀರು.

ಅವಕೆಂಪನ್ನು ಕಾಗದದ ಮೇಲೆ ತೋರಿಸಬೇಕಲ್ಲ, ಅದಕ್ಕೆ ವಿಜ್ಞಾನಿಗಳು ಕೆಂಪು ಬಣ್ಣ ಕೊಡುತ್ತಾರೆ. ಹಾಗಾಗಿ ಉಪಗ್ರಹದ ಚಿತ್ರದಲ್ಲಿ ಬೆಳೆ ಕೆಂಪಗಿರುತ್ತದೆ! ಮೊದಲ ಸಲ ನೋಡಿದವರು ಮಾನ್ವಿ, ಸಿಂಧನೂರು ಕಡೆಯ ಗದ್ದೆಗಳಿಗೆ ಬೆಂಕಿ ಬಿದ್ದಿದೆ ಎಂದು ಗಾಬರಿಯಾದರೆ ಆಶ್ಚರ್ಯವಿಲ್ಲ.

ಇನ್ನು ಆ ಕಣ್ಣು ಎಷ್ಟು ಚೂಪು? ಇದು ಗುಂಟೆಯಲ್ಲೇ ಹೇಳಬಹುದಾದ ಸಂಗತಿ. 1972ರ ಜುಲೈ 23ರಂದು ಹಾರಿದ ಮೊದಲ ಲ್ಯಾಂಡ್‌ಸ್ಯಾಟ್‌ನ ಚಿತ್ರದಲ್ಲಿ ಒಂದು ಚುಕ್ಕೆ ಎಂದರೆ ಸುಮಾರು 80 ಮೀಟರ್ ಉದ್ದಗಲ, ಅಂದರೆ ಒಂದೂವರೆ ಎಕರೆಗೆ ಮಿಕ್ಕಿ. ಈಗಿನ ಲ್ಯಾಂಡ್‌ಸ್ಯಾಟ್‌ನ 30 ಮೀಟರ್ ಚುಕ್ಕೆ ಸುಮಾರು 9 ಗುಂಟೆ. ಭಾರತದ ರಿಸೋರ್ಸ್‌ಸ್ಯಾಟ್ ಉಪಗ್ರಹದ ಒಂದು ಕ್ಯಾಮೆರಾದ್ದು ಐದೂವರೆ ಗುಂಟೆ. ಯೂರೋಪಿನವರು 2015ರಲ್ಲಿ ಬಿಟ್ಟ ಸೆಂಟಿನೆಲ್-2ರದ್ದು 10 ಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಗುಂಟೆ. ಎರಡು ಎಕರೆ ಹೊಲದವನ ಜಮೀನು ಮೊದಲಿನ ಚಿತ್ರದಲ್ಲಿ ಒಂದು ಚುಕ್ಕೆಯಾಗಿತ್ತು, ಈಗ 80 ಚುಕ್ಕೆ. ಯಾವ ಬದುವಿನ ಹತ್ತಿರ ಬೆಳೆ ಕುಂಟಿದೆ ಎಂಬುದೂ ಕಾಣುತ್ತದೆ. ಆದರೆ ಬರದ ಲೆಕ್ಕಕ್ಕೆ ಬಳಸುವ ಚಿತ್ರಗಳೆಲ್ಲ ಇಷ್ಟು ಚೂಪಾದವಲ್ಲ. ದೇಶವನ್ನೆಲ್ಲ ಬೇಗ ಬೇಗ ನೋಡಿ ಮುಗಿಸುವ ಉಪಗ್ರಹಗಳ ಚುಕ್ಕೆ ದೊಡ್ಡದು. ಮೋಡಿಸ್ ಎಂಬುದರ 250 ಮೀಟರ್ ಚುಕ್ಕೆಯಲ್ಲಿ 15 ಎಕರೆ ಮುಳುಗಿಹೋಗುತ್ತದೆ. ಆ ಹದಿನೈದು ಎಕರೆಯಲ್ಲಿ ನಾಲ್ಕು ಜನರ ಒಣ ತೊಗರಿಯೂ ಹಳ್ಳದ ದಂಡೆಯ ದಟ್ಟ ಜಾಲಿಯೂ ಸೇರಿ ಒಂದೇ ಅಂಕಿ!

ದೇವಸೂಗೂರಿನ ಬೂದಿ

1972ರಲ್ಲಿ ಆ ಮೊದಲ ಉಪಗ್ರಹ ಹಾಯ್ದಾಗ ಶಕ್ತಿನಗರ ಎಂಬ ಹೆಸರೇ ಇರಲಿಲ್ಲ. ದೇವಸೂಗೂರು ಇತ್ತು, ಸೂಗೂರೇಶ್ವರನ ಗುಡಿ ಇತ್ತು, ನಿಜಾಮರ ಕಾಲದ ಸೇತುವೆ ಇತ್ತು. 1985ರಲ್ಲಿ ಕರ್ನಾಟಕ ವಿದ್ಯುತ್ ನಿಗಮದ ಶಾಖೋತ್ಪನ್ನ ಕೇಂದ್ರದ ಮೊದಲನೇ ಘಟಕ ಚಾಲೂ ಆಯಿತು. ಒಂದೊಂದಾಗಿ ಎಂಟು ಘಟಕ ನಿಂತವು: 210 ಮೆಗಾವಾಟ್‌ನವು ಏಳು, 250ರದ್ದು ಒಂದು, ಒಟ್ಟು 1,720 ಮೆಗಾವಾಟ್. ರಾಜ್ಯದ ಮನೆಗಳಲ್ಲಿ ಎಷ್ಟೋ ವರ್ಷ ದೀಪ ಉರಿದದ್ದು ಇಲ್ಲಿನ ಕಲ್ಲಿದ್ದಲಿನಿಂದ ಎಂಬುದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಪಾಲಿನಷ್ಟು ಬೂದಿಯೇ. ದೊಡ್ಡ ಘಟಕವೊಂದು ಪೂರ್ತಿ ಓಡಿದರೆ ದಿನಕ್ಕೆ ಸಾವಿರಾರು ಟನ್ ಕಲ್ಲಿದ್ದಲು ತಿನ್ನುತ್ತದೆ. ಉಳಿದ ಬೂದಿ ಎಲ್ಲಾದರೂ ಹೋಗಲೇಬೇಕು. ಒಂದು ಪಾಲು ಸಿಮೆಂಟಿಗೆ, ಒಂದು ಪಾಲು ಇಟ್ಟಿಗೆಗೆ, ಉಳಿದದ್ದು ನೀರಿನಲ್ಲಿ ಕಲಸಿ ಬೂದಿಗುಂಡಿಗೆ.

ಹಳೆಯ ಚಿತ್ರವನ್ನೂ ಹೊಸ ಚಿತ್ರವನ್ನೂ ಜೋಡಿಸಿಟ್ಟು ನೋಡಿದರೆ ಇದಕ್ಕೆ ವಿವರಣೆ ಬೇಕಿಲ್ಲ. ಹೊಳೆಯ ಪಕ್ಕ ಹೊಲ ಇದ್ದ ಕಡೆ ಬೂದಿಗುಂಡಿಯ ಮಾಸಲು ಬಿಳುಪು. ಅದರ ಅಂಚು ಯಾವ ವರ್ಷ ಎಲ್ಲಿತ್ತು ಎಂದು ಗೆರೆ ಎಳೆದು ತೋರಿಸಬಹುದು. ಉಪಗ್ರಹಕ್ಕೆ ಬೂದಿ ಬಹಳ ಸುಲಭದ ಸಂಗತಿ, ಯಾಕೆಂದರೆ ಅಲ್ಲಿ ಎಲೆ ಇಲ್ಲ. ಕಷ್ಟದ್ದು ಗುಂಡಿಯ ಹೊರಗಿನದು. ಗಾಳಿಗೆ ಎದ್ದ ಬೂದಿ ಎಲೆಯ ಮೇಲೆ ಕೂತರೆ ಎಲೆ ಬೆಳಕು ತಿರುಗಿಸುವ ರೀತಿ ಬದಲಾಗುತ್ತದೆ, ಅಂಕಿ ಇಳಿಯುತ್ತದೆ. ಆದರೆ ನೀರಿಲ್ಲದೆ ಬಾಡಿದರೂ ಇಳಿಯುತ್ತದೆ, ಕೀಡೆ ಬಿದ್ದರೂ ಇಳಿಯುತ್ತದೆ. ಇದು ಬೂದಿಯ ಕೆಲಸ, ಇದು ಮಳೆಯ ಕೆಲಸ ಎಂದು ಬೇರೆ ಮಾಡಬೇಕಾದರೆ ನೆಲದ ಮೇಲೆ ನಿಂತು ಎಲೆ ಒರೆಸಿ ನೋಡುವ ಮನುಷ್ಯನೇ ಬೇಕು. ಕೇಂದ್ರ ಸರ್ಕಾರ ಹಾರುಬೂದಿಯ ಬಗ್ಗೆ 1999ರಲ್ಲಿ ಮೊದಲ ಅಧಿಸೂಚನೆ ಹೊರಡಿಸಿತು. 2021ರ ಡಿಸೆಂಬರಿನ ಅಧಿಸೂಚನೆಯಂತೆ ಬೂದಿಯನ್ನು ನೂರಕ್ಕೆ ನೂರು ಬಳಸಿ ಮುಗಿಸಬೇಕು, ಹಳೆಯ ಗುಂಡಿಗಳನ್ನೂ ಖಾಲಿ ಮಾಡಬೇಕು. ಆಗುತ್ತಿದೆಯೋ ಇಲ್ಲವೋ ಎಂದು ನೋಡಲು ಯಾರ ಗೇಟ್ ಪಾಸೂ ಬೇಡ. ಸೆಂಟಿನೆಲ್ ಜೋಡಿ ಐದು ದಿನಕ್ಕೊಮ್ಮೆ ಮೇಲಿಂದ ಹಾದು ಹೋಗುತ್ತದೆ.

ಮೇಲಿನವರು, ಕೆಳಗಿನವರು

ಇನ್ನು ಮಾನ್ವಿ. ಇಲ್ಲಿನ ಕತೆ ಬೂದಿಗಿಂತ ದೊಡ್ಡದು, ಹಳೆಯದು ಕೂಡ. ತುಂಗಭದ್ರಾ ಅಣೆಕಟ್ಟಿನಲ್ಲಿ 1953ರಲ್ಲಿ ನೀರು ನಿಂತಿತು. ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿನ ತನಕ 141 ಮೈಲಿ. ಸುಮಾರು 6 ಲಕ್ಷ ಎಕರೆಗೆ ನೀರು ಎಂಬ ಯೋಜನೆ. ಕಿಲೋಮೀಟರು ಬಂದು ಎಷ್ಟೋ ಕಾಲವಾದರೂ ಈ ಕಾಲುವೆಯ ಮಾತು ಇಂದಿಗೂ ಮೈಲಿಯಲ್ಲೇ. 69ನೇ ಮೈಲಿಯಲ್ಲಿ ಗೇಜ್ ಎಷ್ಟು, 104ರಲ್ಲಿ ಎಷ್ಟು ಎಂದು ಕೇಳದ ರೈತ ಕೆಳಭಾಗದಲ್ಲಿ ಇಲ್ಲ.

ಯೋಜನೆ ಮಾಡಿದವರ ಲೆಕ್ಕದಲ್ಲಿ ಬಹುಪಾಲು ಭೂಮಿ ಅರೆ ಖುಷ್ಕಿ. ಜೋಳ, ಹತ್ತಿ, ಶೇಂಗಾ ಇಂಥವಕ್ಕೆ ಒಂದೆರಡು ತೇವ ಕೊಟ್ಟು ಹೆಚ್ಚು ಊರಿಗೆ ನೀರು ಹಂಚುವುದು. ಭತ್ತಕ್ಕೆ ಸಣ್ಣ ಪಾಲು. ಯಾವ ಸರ್ವೆ ನಂಬರಿಗೆ ಯಾವ ಬೆಳೆ ಎಂದು ಗುರುತಿಸಿಯೂ ಇತ್ತು. ಕಾಗದದ ಮೇಲೆ ಎಲ್ಲಾ ಸರಿ! ನೀರು ಹರಿದದ್ದೇ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಬಂತು. ಆಂಧ್ರದ ಕಡೆಯಿಂದ ಬಂದು ಜಮೀನು ಕೊಂಡು ಕ್ಯಾಂಪ್ ಕಟ್ಟಿಕೊಂಡವರು ಭತ್ತ ಬಲ್ಲವರು. ಅವರನ್ನು ನೋಡಿ ಊರಿನವರೂ ಕಲಿತರು. ಭತ್ತ ಕುಡಿಯುವ ನೀರು ಜೋಳ ಕುಡಿಯುವುದಲ್ಲ. ಮೇಲೆ ಎರಡು ಬೆಳೆ ಭತ್ತ ನಿಂತರೆ ಮಾನ್ವಿ, ಸಿರವಾರ, ರಾಯಚೂರಿನ ಕೊನೆ ಭಾಗಕ್ಕೆ ಒಂದು ಬೆಳೆಗೂ ತತ್ವಾರ. "ಮ್ಯಾಗಿನವರು ಬಿಟ್ರ ನಮಗದ, ಇಲ್ಲಾಂದ್ರ ಇಲ್ಲ" ಎಂಬುದು ಕೆಳಗಿನ ಊರುಗಳ ಮಾಮೂಲಿ ಮಾತು. ಪೀಟರ್ ಮೊಲಿಂಗಾ ಎಂಬ ಡಚ್ ಸಂಶೋಧಕರು ಇದೇ ಕಾಲುವೆಯ ಮೇಲೆ ವರ್ಷಗಟ್ಟಲೆ ಓಡಾಡಿ 1998ರಲ್ಲಿ ದೊಡ್ಡ ಪ್ರಬಂಧವನ್ನೇ ಬರೆದರು. ನೀರು ಹಂಚಿಕೆ ಎಂಜಿನಿಯರಿಂಗ್ ಪ್ರಶ್ನೆ ಮಾತ್ರವಲ್ಲ, ಅದರಲ್ಲಿ ಊರ ರಾಜಕೀಯವೂ ಸೇರಿದೆ ಎಂದು ಅವರು ಕಂಡದ್ದನ್ನು ಕಾಲುವೆಯ ಪಕ್ಕದ ಚಹಾ ಅಂಗಡಿಯವನು ಪ್ರಬಂಧ ಬರೆಯದೆಯೇ ಹೇಳಬಲ್ಲ ಎಂಬುದು ಬೇರೆ ಮಾತು.

ಮೇಲಿನವರ ಪಕ್ಷವನ್ನೂ ಕೇಳಬೇಕು. ಕಾಲುವೆಯಿಂದ ಜಿನುಗುವ ನೀರು ತಗ್ಗಿನ ಎರೆ ಹೊಲದಲ್ಲಿ ನಿಂತರೆ ಅಲ್ಲಿ ಜೋಳ ಕೊಳೆಯುತ್ತದೆ, ಭತ್ತ ಮಾತ್ರ ಬರುತ್ತದೆ. ದುಬಾರಿಗೆ ಕೊಂಡ ಜಮೀನು, ಬ್ಯಾಂಕಿನ ಸಾಲ, ಹತ್ತಿರದಲ್ಲೇ ಅಕ್ಕಿ ಗಿರಣಿ, ಸೋನಾ ಮಸೂರಿಗೆ ಸಿಗುವ ಗಿರಾಕಿ. ಇಷ್ಟಿರುವಾಗ ಯಾರೋ ಐವತ್ತರ ದಶಕದಲ್ಲಿ ಬರೆದಿಟ್ಟ ಕಾಗದ ನೋಡಿ ಜೋಳ ಬಿತ್ತೆಂದರೆ ಬಿತ್ತುವವರಾರು? ರಾಯಚೂರು ಗಂಜಿನ ವ್ಯಾಪಾರವೂ ಆ ಭತ್ತದ ಮೇಲೇ ಅರ್ಧ ನಿಂತಿರುವಾಗ ಪೇಟೆಯವರು ಭತ್ತವನ್ನು ಬೈಯುವುದಕ್ಕೂ ನಾಲಿಗೆ ಬರುವುದಿಲ್ಲ.

ಆದರೆ ಇಲ್ಲಿ ಉಪಗ್ರಹದ ಕೆಲಸ ಯಾರನ್ನೂ ಬೈಯುವುದಲ್ಲ, ಎಷ್ಟಿದೆ ಎಂದು ಹೇಳುವುದು. ಸಸಿ ಹಚ್ಚುವ ಹೊತ್ತಿಗೆ ಗದ್ದೆಯಲ್ಲಿ ನೀರು ನಿಂತಿರುತ್ತದೆ, ಚಿತ್ರದಲ್ಲಿ ಕಪ್ಪು. ತಿಂಗಳ ಮೇಲೆ ಅದೇ ಜಾಗ ಕಡುಕೆಂಪು. ಮೊದಲು ನೀರು, ಆಮೇಲೆ ಎಲೆ, ಹೀಗೆ ಬರುವುದು ಭತ್ತ ಒಂದೇ. ಹತ್ತಿ, ತೊಗರಿಗೆ ಈ ವೇಷ ಇಲ್ಲ. ಹಾಗಾಗಿ ಯಾವ ಉಪಕಾಲುವೆಯ ಕೆಳಗೆ ಎಷ್ಟು ಎಕರೆ ಭತ್ತ ಎಂಬುದನ್ನು ಹೊಲಕ್ಕೆ ಕಾಲಿಡದೆ ಲೆಕ್ಕ ಹಾಕಬಹುದು. ಇದು ಬರೀ ಬಾಯಿಮಾತಲ್ಲ. ತುಂಗಭದ್ರೆಗೇ ಬಂದು ಸೇರುವ ಭದ್ರಾ ಹೊಳೆಯ ಅಚ್ಚುಕಟ್ಟಿನಲ್ಲಿ ಇದನ್ನು ಮಾಡಿ ತೋರಿಸಿ, ಕೊಲಂಬೋದ ಅಂತರರಾಷ್ಟ್ರೀಯ ನೀರಾವರಿ ಸಂಸ್ಥೆ 1997ರಲ್ಲಿ ವರದಿ ಪ್ರಕಟಿಸಿತು. ಅಂದಿನ ಉಪಗ್ರಹದ ಕಣ್ಣೇ ಸಾಕಾಗಿದ್ದ ಕೆಲಸ ಇಂದಿನ ಒಂದು ಗುಂಟೆಯ ಚುಕ್ಕೆಗೆ ಎಷ್ಟರದು?

ಮುನಿರಾಬಾದಿನಲ್ಲಿ ನೀರಾವರಿ ಸಲಹಾ ಸಮಿತಿಯ ಸಭೆ ಎಂದರೆ ಶಾಸಕರೂ ಅಧಿಕಾರಿಗಳೂ ರೈತ ಮುಖಂಡರೂ ಕೂತು ಇಷ್ಟು ಕ್ಯೂಸೆಕ್ಸ್, ಇಂಥ ತಾರೀಕಿನವರೆಗೆ ಎಂದು ಗಂಟೆಗಟ್ಟಲೆ ವಾದಿಸುವುದು. ಆ ಮೇಜಿನ ಮೇಲೆ ಹಿಂದಿನ ಹಂಗಾಮಿನ ಚಿತ್ರ ಹರಡಿ, ಉಪಕಾಲುವೆವಾರು ಎಕರೆಯ ಪಟ್ಟಿ ಗೋಡೆಗೆ ಅಂಟಿಸಿದರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ. ಕಾಲುವೆಗೆ ಪಂಪು ಇಟ್ಟು ಅಚ್ಚುಕಟ್ಟಿನ ಹೊರಗೆ ನೀರು ಒಯ್ಯುವುದನ್ನು ತಡೆಯಲೆಂದು 2024ರಲ್ಲಿ ರಾಜ್ಯ ಸರ್ಕಾರ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದಿತು. ಬೇಸಿಗೆಯ ಚಿತ್ರದಲ್ಲಿ ಕಾಲುವೆಯ ಗೆರೆಯಾಚೆ, ಎತ್ತರದ ದಿಣ್ಣೆಯ ಮೇಲೆ ಕೆಂಪಗೆ ಕೂತ ತುಂಡುಗಳನ್ನು ಎಣಿಸಿದರೆ ಆ ಕಾಯ್ದೆಗೆ ಕೆಲಸ ಎಲ್ಲಿದೆ ಎಂದು ಗೊತ್ತಾಗುತ್ತದೆ. ಕೆಲವು ಬಾವಿ, ಕೊಳವೆಬಾವಿಯವೂ ಇರಬಹುದು. ಅದನ್ನು ಇಳಿದು ನೋಡಬೇಕು.

ನೀರು ಹೆಚ್ಚಾದ ಕಡೆಯೂ ಸುಖವಿಲ್ಲ. ಬಹಳ ವರ್ಷ ಭತ್ತ ನಿಂತ ನೆಲದಲ್ಲಿ ಅಂತರ್ಜಲ ಮೇಲೆ ಬಂದು, ಉಪ್ಪು ಹೊತ್ತು ತರುತ್ತದೆ. ಸವಳು-ಜವಳು ಎಂದು ಇದಕ್ಕೇ ಅನ್ನುವುದು. ಏಪ್ರಿಲ್, ಮೇ ತಿಂಗಳಲ್ಲಿ ಮೇಲಿಂದ ನೋಡಿದರೆ ಗದ್ದೆಗಳ ನಡುವೆ ಸುಣ್ಣ ಬಳಿದಂತೆ ಬಿಳಿ ಕಲೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಈ ಸವಳು ಭೂಮಿಯ ಮೇಲೇ ದಶಕಗಳಿಂದ ಕೆಲಸ ಮಾಡುತ್ತಿದ್ದಾರೆ. ಮೇಲೆ ನೀರು ಹೆಚ್ಚಾಗಿ ಬೋಳು, ಕೆಳಗೆ ನೀರಿಲ್ಲದೆ ಬೋಳು. ಒಂದೇ ಕಾಲುವೆ!

ಅಣೆಕಟ್ಟಿನದೂ ಒಂದು ಮಾತು ಹೇಳಿಬಿಡಬೇಕು. ಕಟ್ಟಿದಾಗ 133 ಟಿಎಂಸಿಯಷ್ಟು ಹಿಡಿಯುತ್ತಿದ್ದ ಜಲಾಶಯ 2016ರ ಅಳತೆಯಲ್ಲಿ 105.788ಕ್ಕೆ ಇಳಿಯಿತು. ಉಳಿದ ಜಾಗದಲ್ಲಿ ಹೂಳು. ಮೇಲಿನ ಸೀಮೆಯಲ್ಲಿ ಗಿಡ ಕಡಿದು ನೆಲ ಅಗೆದದ್ದರ ಬಿಲ್ಲು 104ನೇ ಮೈಲಿಯಲ್ಲಿ ಬಂದು ಮುಟ್ಟುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ಹರಿದು ಗೇಟೇ ಕೊಚ್ಚಿಹೋದಾಗ ಮಾನ್ವಿಯ ಕಡೆ ಎಷ್ಟು ಮನೆಗಳಲ್ಲಿ ನಿದ್ದೆ ಇರಲಿಲ್ಲವೋ!

ಹಸಿರು ಅಂದರೆಲ್ಲ ಬೆಳೆಯಲ್ಲ

ರಾಜ್ಯದಲ್ಲಿ ಕಾಡು ಅತಿ ಕಡಿಮೆ ಇರುವ ಜಿಲ್ಲೆಗಳಲ್ಲಿ ರಾಯಚೂರು ಒಂದು. ಹಾಗಿದ್ದೂ ದೇವದುರ್ಗದ ಕಡೆ ಬಸ್ಸಿನಲ್ಲಿ ಹೋದರೆ ರಸ್ತೆಯ ಎರಡೂ ಮಗ್ಗುಲಿಗೆ ಏನೋ ಹಸಿರು ಇದ್ದೇ ಇರುತ್ತದೆ. ಅದು ಬಳ್ಳಾರಿ ಜಾಲಿ. ಹೆಸರು ಬಳ್ಳಾರಿಯದಾದರೂ ಹುಟ್ಟೂರು ಅಮೆರಿಕ ಖಂಡ. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷರ ಕಾಲದಲ್ಲಿ ಉರುವಲಿಗೆ ಆಗಲಿ ಎಂದು ದೇಶಕ್ಕೆ ತಂದದ್ದು. ಬೇರು ಆಳಕ್ಕೆ ಇಳಿಯುತ್ತದೆ, ಕುರಿ ಮೇಕೆ ಕಾಯಿ ತಿಂದು ಬೀಜ ಊರೂರಿಗೆ ಹಂಚುತ್ತವೆ, ಕಡಿದಷ್ಟೂ ಚಿಗುರುತ್ತದೆ. ಕೆರೆಯಂಗಳ, ಹಳ್ಳ, ಗೋಮಾಳ, ಪಾಳುಬಿದ್ದ ಹೊಲ ಯಾವುದನ್ನೂ ಬಿಟ್ಟಿಲ್ಲ. ಬಡವರ ಒಲೆಗೆ ಕಟ್ಟಿಗೆ, ಕೆಲವರ ಹೊಟ್ಟೆಗೆ ಇದ್ದಿಲಿನ ದಂಧೆ ಕೊಟ್ಟಿದೆ ಎಂಬುದೂ ಸುಳ್ಳಲ್ಲ.

ಬೇಸಿಗೆಯಲ್ಲಿ ಸುತ್ತಲ ಹುಲ್ಲೆಲ್ಲ ಒಣಗಿದಾಗಲೂ ಜಾಲಿ ಹಸಿರೇ. ಉಪಗ್ರಹದ ಅಂಕಿಗೆ ಜಾಲಿಯ ಎಲೆಯೂ ಎಲೆಯೇ, ಜೋಳದ ಎಲೆಯೂ ಎಲೆಯೇ. ದೇಶದ ಅರಣ್ಯ ಸಮೀಕ್ಷೆಯವರು 1987ರಿಂದ ಎರಡು ವರ್ಷಕ್ಕೊಮ್ಮೆ ಉಪಗ್ರಹ ನೋಡಿ ವರದಿ ಕೊಡುತ್ತಾರಲ್ಲ, ಅವರ ನಿಯಮದಂತೆ ಒಂದು ಹೆಕ್ಟೇರಿಗಿಂತ ದೊಡ್ಡ ಜಾಗದಲ್ಲಿ ನೂರಕ್ಕೆ ಹತ್ತು ಪಾಲು ನೆರಳಿದ್ದರೆ ಅದು ಅರಣ್ಯ ಹೊದಿಕೆ. ಗಿಡ ಯಾವುದು, ಜಾಗ ಯಾರದು ಎಂದು ಕೇಳುವುದಿಲ್ಲ. ಮಾವಿನ ತೋಪೂ ಸೇರುತ್ತದೆ, ದಟ್ಟ ಜಾಲಿಯೂ ಸೇರಬಹುದು.

ಹಾಗೆಂದು ಉಪಗ್ರಹವನ್ನು ಹಳಿಯುವುದೂ ಸರಿಯಲ್ಲ. 1980ರ ದಶಕದಲ್ಲಿ ಹೈದರಾಬಾದಿನ ದೂರಸಂವೇದಿ ಸಂಸ್ಥೆಯವರು ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಹೋಲಿಸಿ ನೋಡಿದಾಗ ದೇಶದ ಅರಣ್ಯ 1972-75ರಲ್ಲಿ ಶೇಕಡ 16.89 ಇದ್ದದ್ದು 1980-82ರ ಹೊತ್ತಿಗೆ 14.10ಕ್ಕೆ ಇಳಿದಿತ್ತು. ಸರ್ಕಾರಿ ಕಡತಗಳಲ್ಲಿ ಮಾತ್ರ ಕಾಡು ಐದನೇ ಒಂದು ಪಾಲಿಗಿಂತ ಹೆಚ್ಚೇ! ಕಡತದ ಕಾಡು ಬೇರೆ, ನಿಂತಿರುವ ಕಾಡು ಬೇರೆ ಎಂದು ಮೊದಲ ಸಲ ಎಲ್ಲರ ಮುಂದೆ ಹೇಳಿದ್ದು ಆಕಾಶದ ಚಿತ್ರವೇ. ಅಂಕಿ ಸುಳ್ಳು ಹೇಳುವುದಿಲ್ಲ, ಆದರೆ ಅದು ಹೇಳಿದ್ದನ್ನು ಯಾರು ಹೇಗೆ ಓದುತ್ತಾರೆ ಎಂಬಲ್ಲಿ ತಕರಾರು.

2023ರ ಹಸಿರು ಬರ

ಆ ತಕರಾರು 2023ರಲ್ಲಿ ಬೀದಿಗೆ ಬಂತು. ಅಂದಿನ ಆಗಸ್ಟ್, 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್. ಸೆಪ್ಟೆಂಬರ್ 13ರಂದು ಕರ್ನಾಟಕ ಸರ್ಕಾರ 195 ತಾಲೂಕುಗಳನ್ನು ಬರಪೀಡಿತ ಎಂದು ಸಾರಿತು. ಆಮೇಲೆ ಪಟ್ಟಿ ಬೆಳೆದು 236 ತಾಲೂಕುಗಳಲ್ಲಿ 223 ಆಯಿತು. ಬರ ಸಾರುವುದೂ ಈಗ ಮನಬಂದಂತೆ ಅಲ್ಲ. 2016ರ ಕೇಂದ್ರದ ಬರ ಕೈಪಿಡಿಯ ಪ್ರಕಾರ ಮೊದಲು ಮಳೆಯ ಕೊರತೆ, ಆಮೇಲೆ ಬಿತ್ತನೆ, ಉಪಗ್ರಹ ಕಂಡ ಹಸಿರು, ಮಣ್ಣಿನ ತೇವ, ಕೆರೆ ಜಲಾಶಯದ ನೀರು ಇವನ್ನೆಲ್ಲ ತೂಗಬೇಕು; ಕೊನೆಗೆ ಆರಿಸಿದ ಊರುಗಳಿಗೆ ಹೋಗಿ ಹೊಲ ನೋಡಬೇಕು.

ಹಸಿರು ತೂಗುವ ಕ್ರಮ ಹೀಗೆ. ಒಂದು ತಾಲೂಕಿನ ಅಂಕಿ ಇದೇ ತಿಂಗಳಲ್ಲಿ ಹಿಂದಿನ ವರ್ಷಗಳಲ್ಲಿ ಅತಿ ಹೆಚ್ಚೆಂದರೆ 0.60, ಅತಿ ಕಡಿಮೆ ಎಂದರೆ 0.20 ಇತ್ತೆನ್ನಿ. ಈ ವರ್ಷ 0.36 ಬಂದರೆ, ಕೆಟ್ಟ ವರ್ಷದಿಂದ ಒಳ್ಳೆ ವರ್ಷದ ದಾರಿಯಲ್ಲಿ ನೂರಕ್ಕೆ 40 ಪಾಲು ನಡೆದಂತೆ. ಕಡಿಮೆಯಾದಷ್ಟೂ ಬರ ಗಟ್ಟಿ. ಒಳ್ಳೆಯ ಲೆಕ್ಕವೇ. ಆದರೆ ಆಗಸ್ಟಿನಲ್ಲಿ ಕಾಳು ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟು, ಸೆಪ್ಟೆಂಬರಿನಲ್ಲಿ ನಾಲ್ಕು ಹನಿ ಬಿದ್ದರೆ? ಹುಲ್ಲು ಚಿಗುರುತ್ತದೆ, ಕಳೆ ಏಳುತ್ತದೆ, ಸತ್ತಂತಿದ್ದ ತೊಗರಿಗೂ ಎಲೆ ಬರುತ್ತದೆ. "ಹಸರು ಅದ್ರಿ, ಕಾಳು ಎಲ್ಲದ?" ಅಕ್ಟೋಬರಿನಲ್ಲಿ ಕೇಂದ್ರದ ತಂಡ ಬಂದಾಗ ರಾಜ್ಯ ಸರ್ಕಾರ ಇದಕ್ಕೇ 'ಹಸಿರು ಬರ' ಎಂದು ಹೆಸರು ಕೊಟ್ಟು, ಕಣ್ಣಿಗೆ ಕಾಣುವ ಹಸಿರು ನೋಡಿ ಮೋಸಹೋಗಬೇಡಿ ಎಂದು ಬೇಡಿಕೊಂಡಿತು. ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. ಹಣ ಬರದೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. 2024ರ ಏಪ್ರಿಲ್ ಕೊನೆಗೆ ಕೇಂದ್ರ ಒಪ್ಪಿದ್ದು 3,454 ಕೋಟಿ. ಖುಷ್ಕಿ ಬೆಳೆಗೆ ಹೆಕ್ಟೇರಿಗೆ 8,500 ರೂ., ನೀರಾವರಿಗೆ 17,000 ರೂ., ಅದೂ ಎರಡು ಹೆಕ್ಟೇರಿನ ತನಕ ಎಂಬುದು ಆಗಿನ ನಿಯಮ. ಎಕರೆಗೆ ಇಳಿಸಿದರೆ ಖುಷ್ಕಿಯವನಿಗೆ ಮೂರೂವರೆ ಸಾವಿರಕ್ಕೂ ಕಡಿಮೆ. ಬೀಜ ಗೊಬ್ಬರದ ಅಂಗಡಿಯವರಿಗೆ ಇದು ಯಾವ ಮೂಲೆಗೆ ಸಾಲುತ್ತದೆ ಎಂದು ಬಿಡಿಸಿ ಹೇಳಬೇಕೇ?

ಮಾನ್ವಿಯಂಥ ತಾಲೂಕಿಗೆ ಇನ್ನೊಂದು ಪೇಚು. ಬರದ ಲೆಕ್ಕ ತಾಲೂಕಿನದು. ಒಂದೇ ತಾಲೂಕಿನಲ್ಲಿ ಕಾಲುವೆ ನೀರು ಸಿಕ್ಕವನ ಗದ್ದೆ 0.67ರಲ್ಲಿ ನಗುತ್ತಿರುತ್ತದೆ, ಸಿಗದವನ ಹೊಲ 0.09ರಲ್ಲಿ ಸೊರಗಿರುತ್ತದೆ. ಎರಡನ್ನೂ ಸೇರಿಸಿ ಸರಾಸರಿ ತೆಗೆದರೆ ಇಬ್ಬರೂ ಮಧ್ಯಮ! ದೇವದುರ್ಗದಲ್ಲಿ ನಾರಾಯಣಪುರ ಬಲದಂಡೆ ಕಾಲುವೆ ಹರಿದ ಊರುಗಳಿಗೂ ಹರಿಯದ ಊರುಗಳಿಗೂ ಇದೇ ಹಣೆಬರಹ. ಮೇಲಿಂದ ಜಾಲಿಯ ಹಸಿರೂ ಅದೇ ಸರಾಸರಿಗೆ ಬಂದು ಕೂಡುತ್ತದೆ. ಬೆಳೆ ನಿಂತ ಹೊಲದ ಚುಕ್ಕೆಗಳನ್ನಷ್ಟೇ ಆರಿಸಿಕೊಂಡು, ನೀರಾವರಿಯದನ್ನೂ ಖುಷ್ಕಿಯದನ್ನೂ ಬೇರೆ ಬೇರೆ ತೂಗುವುದು ಇಂದಿನ ಚಿತ್ರಗಳಿಂದ ಸಾಧ್ಯವಿರುವ ಕೆಲಸ. ಕಾಲುವೆಯ ಮೇಲಿನವನ ಭತ್ತ ಎಣಿಸಲು ಹಿಂಜರಿಯುವ ಕಣ್ಣು, ಒಣ ಹೊಲದವನ ಹಸಿರು ಎಣಿಸಲು ಮಾತ್ರ ಇಷ್ಟು ಚುರುಕಾದರೆ ಜನ ಏನೆಂದಾರು?

ಮೋಡದ ತೊಂದರೆಯೂ ಉಂಟು. ಮುಂಗಾರಿನಲ್ಲಿ ಮೋಡ ಮುಚ್ಚಿದರೆ ಬೆಳಕಿನ ಕ್ಯಾಮೆರಾಕ್ಕೆ ಕೆಳಗಿನದೇನೂ ಕಾಣದು. ಅದಕ್ಕೆಂದೇ ಮೋಡ ತೂರಿ ನೋಡುವ ರಾಡಾರ್ ಉಪಗ್ರಹಗಳು ಬಂದಿವೆ: 2012ರಲ್ಲಿ ರಿಸ್ಯಾಟ್-1, 2022ರಲ್ಲಿ ಇಒಎಸ್-04, 2025ರ ಜುಲೈ 30ರಂದು ಅಮೆರಿಕದ ಜೊತೆಗೂಡಿ ಹಾರಿಸಿದ ನೈಸಾರ್. ಬೆಳೆ ವಿಮೆಯಲ್ಲೂ 2023ರ ಮುಂಗಾರಿನಿಂದ ಭತ್ತ ಮತ್ತು ಗೋಧಿಯ ಇಳುವರಿ ಅಂದಾಜಿನಲ್ಲಿ ಕನಿಷ್ಠ ಶೇಕಡ 30ರಷ್ಟು ತೂಕ ಇಂಥ ಯಂತ್ರದ ಕಣ್ಣಿಗೇ ಎಂದು ಕೇಂದ್ರ ನಿಯಮ ಮಾಡಿದೆ. ಬರುವ ದಿನಗಳಲ್ಲಿ ಈ ಪಾಲು ಹೆಚ್ಚೀತೇ ಹೊರತು ಕಡಿಮೆಯಾಗುವ ಸೂಚನೆ ಇಲ್ಲ.

ಈ ಚಿತ್ರಗಳನ್ನು ನೋಡಲು ದುಡ್ಡು ಕೊಡಬೇಕಿಲ್ಲ ಎಂಬುದು ಬಹಳ ಜನಕ್ಕೆ ತಿಳಿದಿಲ್ಲ. ಅಮೆರಿಕದವರು 2008ರಲ್ಲಿ ಲ್ಯಾಂಡ್‌ಸ್ಯಾಟ್‌ನ ಹಳೆ ಚಿತ್ರಗಳನ್ನೆಲ್ಲ ಪುಕ್ಕಟೆ ಮಾಡಿದರು, ಯೂರೋಪಿನ ಸೆಂಟಿನೆಲ್ ಕೂಡ ಪುಕ್ಕಟೆ. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರದವರ 'ಭುವನ್' 2009ರಿಂದ ಇದೆ. ಮೊಬೈಲಿನಲ್ಲಿ ಸಿನಿಮಾ ನೋಡುವ ಹುಡುಗ ಅದೇ ಮೊಬೈಲಿನಲ್ಲಿ ತನ್ನ ಅಪ್ಪನ ಹೊಲವನ್ನೂ ನೋಡಬಲ್ಲ. ಅದಕ್ಕಿಂತ ಮುಖ್ಯ, ಹೊಲದಲ್ಲಿ ಏನು ಬೆಳೆ ಇದೆ ಎಂದು ಬೆಳೆ ಸಮೀಕ್ಷೆಯಲ್ಲಿ ಬರೆದುಕೊಂಡದ್ದು ಸರಿ ಇದೆಯೇ ಎಂದು ನೋಡಿಕೊಳ್ಳುವುದು. ತೊಗರಿ ಬಿತ್ತಿದವನ ಹೆಸರಿನಲ್ಲಿ ಹತ್ತಿ ಎಂದು ಬಿದ್ದರೆ ಪರಿಹಾರವೂ ತಪ್ಪುತ್ತದೆ, ವಿಮೆಯೂ ತಪ್ಪುತ್ತದೆ. ರಾಜ್ಯ ಸರ್ಕಾರದ 'ಬೆಳೆ ದರ್ಶಕ' ಆ್ಯಪಿನಲ್ಲಿ ಸರ್ವೆ ನಂಬರ್ ಹಾಕಿದರೆ ತನ್ನ ಹೊಲಕ್ಕೆ ಏನು ಬರೆದಿದ್ದಾರೆ ಎಂಬುದೂ, ತೆಗೆದ ಫೋಟೋವೂ ಕಾಣುತ್ತದೆ. ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು. ಆಕ್ಷೇಪಣೆಗೆ ಗಡುವು ಇರುತ್ತದೆ. ಬೀಜ ಗೊಬ್ಬರಕ್ಕೆ ಉದ್ರಿ ಕೊಟ್ಟ ಅಂಗಡಿಯವರು ಗಿರಾಕಿ ಬಂದಾಗ, "ಯಣ್ಣಾ, ಸರ್ವೆದಾಗ ನಿನ್ನ ಬೆಳಿ ಸರಿ ಬಿದ್ದದೇನು, ನೋಡಿಯಾ?" ಎಂದು ಒಂದು ಮಾತು ಕೇಳಿದರೆ ಇಬ್ಬರ ಪುಸ್ತಕಕ್ಕೂ ಒಳ್ಳೆಯದು.